ಎಡಭುಜದ ಹತ್ತಿ

ನಮ್ಮ ಕಸುಬಿನಲ್ಲಿ ಒಂದು ಸೋಮಾರಿತನವಿದೆ. ಅದನ್ನು ನಾವು ಜಾಣತನ ಎಂದು ಕರೆದುಕೊಳ್ಳುತ್ತೇವೆ. ಬಟ್ಟೆಯನ್ನು ಎರಡಾಗಿ ಮಡಚಿ, ಮೈಯ ಒಂದೇ ಪಕ್ಕದ ಅಳತೆಯನ್ನು ಸೀಮೆಸುಣ್ಣದಲ್ಲಿ ಗುರುತು ಹಾಕಿ ಕತ್ತರಿ ಆಡಿಸುತ್ತೇವೆ. ಬಿಡಿಸಿದರೆ ಎರಡೂ ಪಕ್ಕ ಸಿದ್ಧ. ಬಲಭುಜ ಅಳೆದವರು ಎಡಭುಜದ ಕಡೆ ತಿರುಗಿಯೂ ನೋಡುವುದಿಲ್ಲ. ಮೂವತ್ತೊಂದು ವರ್ಷ ನಾನು ಹೀಗೇ ಹೊಲಿದಿದ್ದೇನೆ, ಯಾರೂ ಜಗಳಕ್ಕೆ ಬಂದಿಲ್ಲ. ಬಂದವರು ನನ್ನ ಬಾಯಿಗೆ ಹೆದರಿ ಬಾಗಿಲಿನಿಂದಲೇ ವಾಪಸು ಹೋಗಿದ್ದರೆ ನನಗೆ ಗೊತ್ತಿಲ್ಲ.

ಅಕ್ಕನ ಮಗಳದು ಮಾತ್ರ ಬೇರೆ ಕಥೆ. ಚಿಕ್ಕವಳಿದ್ದಾಗ ನನ್ನ ಮೇಜಿನ ಕೆಳಗಿನ ಚಿಂದಿ ಬುಟ್ಟಿಯಲ್ಲೇ ಬಿದ್ದಿರುತ್ತಿದ್ದಳು, ಅದಕ್ಕೇ ಇಲಿ ಎಂದು ಹೆಸರಿಟ್ಟೆ. ಈಗ ಹತ್ತೊಂಬತ್ತಾಗಿದೆ, ಆದರೂ ಇಲಿಯೇ. ಅವಳ ಬಲಭುಜ ಎಡಕ್ಕಿಂತ ಒಂದು ಬೆರಳಿನಷ್ಟು ತಗ್ಗು. ಬೆನ್ನೆಲುಬು ಸ್ವಲ್ಪ ವಾಲಿದೆ, ನೋವಿಲ್ಲ, ಏನೂ ಮಾಡಬೇಕಾಗಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಇದೆಲ್ಲ ಗೊತ್ತಾಗುವ ಮೊದಲು, ಅವಳಿಗೆ ಹನ್ನೆರಡು ವರ್ಷವಾಗಿದ್ದಾಗ, ಶಾಲೆಯ ಸಮವಸ್ತ್ರಕ್ಕೆ ಅಳತೆ ತೆಗೆಯುತ್ತಿದ್ದೆ. ಅಂಗಡಿ ತುಂಬ ಗಿರಾಕಿಗಳು. ಟೇಪಿನಿಂದ ಅವಳ ಬೆನ್ನಿಗೊಂದು ತಟ್ಟಿ, "ನೆಟ್ಟಗೆ ನಿಂತ್ಕೊಳ್ಳೇ, ಹಗ್ಗದ ಮೇಲಿನ ಒದ್ದೆ ಬಟ್ಟೆ ಥರ ಜೋತು ಬಿದ್ದಿದ್ದೀಯ" ಅಂದೆ. ಎಲ್ಲರೂ ನಕ್ಕರು. ಅವಳು ನೆಟ್ಟಗೇ ನಿಂತಿದ್ದಳು. ಅವಳಿಗೆ ನೆಟ್ಟಗೆ ಎಂದರೆ ಅಷ್ಟೇ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಏಳು ವರ್ಷ ಅವಳು ನನ್ನ ಟೇಪನ್ನು ಮೈಗೆ ಸೋಕಿಸಿಕೊಂಡಿಲ್ಲ. ನನ್ನ ಜೊತೆ ಕೂತು ಗುಂಡಿ ಹಾಕುತ್ತಾಳೆ, ನನ್ನ ಮಿಷನ್ನು ತುಳಿಯುತ್ತಾಳೆ, ನಗುತ್ತಾಳೆ, ಆದರೆ ತೊಡುವುದು ಮಾತ್ರ ಪೇಟೆಯ ದೊಗಳೆ ರೆಡಿಮೇಡ್ ಅಂಗಿ. ದರ್ಜಿಯ ಮನೆಯ ಮಗು ಹಾಗೆ ಓಡಾಡುವುದನ್ನು ನೋಡಿದಾಗಲೆಲ್ಲ ನನ್ನ ಕಣ್ಣು ಆ ಅಂಗಿಯ ಭುಜದ ಹೊಲಿಗೆಯ ಮೇಲೇ ಹೋಗುತ್ತದೆ. ಅವಳ ಮೈಗೆ ಸರಿಯಾಗಿ ಕೂರುವ ಒಂದೇ ಒಂದು ಬಟ್ಟೆ ಹೊಲಿಯಬೇಕೆಂಬ ಆಸೆ ನನಗೆ. ಕೇಳಲು ಮುಖವಿರಲಿಲ್ಲ.

ಈ ವರ್ಷ ಅವಳಿಗೆ ಹಳೇ ಕಾಲದ ಕಥೆಯ ವಿದೇಶಿ ಧಾರಾವಾಹಿಗಳ ಹುಚ್ಚು ಹಿಡಿಯಿತು. ನೂರು ವರ್ಷದ ಹಿಂದಿನ ದೊಡ್ಡ ಮನೆಗಳು, ಗಲ್ಲದವರೆಗೆ ಕಾಲರ್ ಇರುವ ಮೇಲಂಗಿಗಳು, ನೆಲ ಗುಡಿಸುವ ಲಂಗಗಳು, ತಲೆಯ ಮೇಲೆ ತಟ್ಟೆಯಂಥ ಟೋಪಿಗಳು. ಸಂಜೆ ಅಂಗಡಿ ಮುಚ್ಚಿದ ಮೇಲೆ ನನ್ನನ್ನೂ ಎಳೆದು ಕೂರಿಸುತ್ತಿದ್ದಳು. ನಾಯಕಿಗೆ ಗಂಡ ತೀರಿಹೋದ ಸುದ್ದಿಯ ಕಾಗದ ಬರುವ ದೃಶ್ಯವನ್ನು ನಾವು ನಾಲ್ಕು ಸಲ ಹಿಂದಕ್ಕೆ ಓಡಿಸಿ ನೋಡಿದೆವು. ಅವಳ ಮುಂಗೈ ಪಟ್ಟಿಗೆ ಹುಕ್ಕೋ ಗುಂಡಿಯೋ ಎಂದು ತಿಳಿಯಬೇಕಿತ್ತು. ಅಕ್ಕ ಅಡುಗೆಮನೆಯಿಂದ ಇಣುಕಿ, "ಅಯ್ಯೋ ಪಾಪ, ಅವಳು ಅಳ್ತಿದ್ದಾಳೆ, ನೀವಿಬ್ರೂ ಕೈ ನೋಡ್ತಿದ್ದೀರಲ್ಲ" ಅಂದಳು. ಗುಂಡಿಯೇ ಆಗಿತ್ತು. ಬಟ್ಟೆ ಮುಚ್ಚಿದ ಗುಂಡಿ, ಒಂದೊಂದು ಕೈಗೆ ಒಂಬತ್ತು.

ಇಲಿಯಂತೆಯೇ ತಲೆಕೆಟ್ಟವರ ಒಂದು ಗುಂಪಿದೆಯಂತೆ. ನಾಲ್ಕು ವಾರ ಬಿಟ್ಟು ಒಂದು ಭಾನುವಾರ ಹಳೇ ಗ್ರಂಥಾಲಯದ ಮೆಟ್ಟಿಲ ಮೇಲೆ ಎಲ್ಲರೂ ಆ ಕಾಲದ ಉಡುಪಿನಲ್ಲಿ ಸೇರಿ ಫೋಟೋ ತೆಗೆಸಿಕೊಳ್ಳುವುದೆಂದು ನಿಶ್ಚಯವಾಯಿತು. ಇಲಿ ತನ್ನ ಗೆಳತಿಯನ್ನು ಸಿಂಗರಿಸುವವಳಿದ್ದಳು. ಆ ಗೆಳತಿ ಬಾಗಿಲಿಗೆ ತಲೆ ತಾಗುವಷ್ಟು ಉದ್ದ, ನಮ್ಮ ಮನೆಯಲ್ಲಿ ಅವಳಿಗೆ ಜಿರಾಫೆ ಎಂದೇ ಹೆಸರು, ಕರೆದರೆ ಓ ಅನ್ನುತ್ತಾಳೆ.

"ನೀನೇನು ಹಾಕ್ಕೋತೀಯ?" ಎಂದು ಇಲಿಯನ್ನು ಕೇಳಿದೆ.

"ನಾನು ಕ್ಯಾಮೆರಾ ಹಾಕ್ಕೋತೀನಿ" ಅಂದಳು.



ಮರುದಿನ ಅವಳು ಹಳೇ ಸಾಮಾನಿನ ಅಂಗಡಿಯಿಂದ ಒಂದು ಪೊಟ್ಟಣ ತಂದಳು. ನೂರು ವರ್ಷದ್ದು ಎಂದು ಅಂಗಡಿಯವರು ಹೇಳಿದರಂತೆ. ಅವರ ಅಂಗಡಿಯಲ್ಲಿ ಪ್ಲಾಸ್ಟಿಕ್ ಬಕೆಟ್ಟಿಗೂ ನೂರು ವರ್ಷ. ಆದರೆ ಪೊಟ್ಟಣ ಬಿಚ್ಚಿದಾಗ ನನ್ನ ಬಾಯಿ ಮುಚ್ಚಿತು. ಚಹಾದ ಬಣ್ಣಕ್ಕೆ ತಿರುಗಿದ ತೆಳು ಹತ್ತಿಯ ಮೇಲಂಗಿ. ನಿಂತ ಕಾಲರು, ಎದೆಯ ಮೇಲೆ ಅಕ್ಕಿಕಾಳಿನಗಲಕ್ಕೆ ಮಡಚಿ ಹೊಲಿದ ಟಕ್ಕುಗಳು, ಬೆನ್ನಿಗೆ ಇಪ್ಪತ್ತೆರಡು ಗುಂಡಿ, ಅವನ್ನು ತೂರಿಸಲು ಕೈಯಲ್ಲೇ ಹೊಲಿದ ಇಪ್ಪತ್ತೆರಡು ಕಾಜಾ. ಒಂದೊಂದು ಕಾಜಾವನ್ನೂ ಬೆಳಕಿಗೆ ಹಿಡಿದು ನೋಡಿದೆ. ಹೊಲಿದವರು ಯಾರೇ ಇರಲಿ, ನನಗಿಂತ ಚೆನ್ನಾಗಿ ಹೊಲಿಯುತ್ತಿದ್ದರು. ಇದನ್ನು ನಾನು ಸುಲಭವಾಗಿ ಹೇಳುವವಳಲ್ಲ.

"ಇದರ ಹಾಗೇ ಜಿರಾಫೆಗೆ ಒಂದು ಬೇಕು, ಚಿಕ್ಕಮ್ಮ. ಇದ್ದದ್ದು ಇದ್ದ ಹಾಗೆ. ನಿನ್ನ ಬುದ್ಧಿ ಉಪಯೋಗಿಸ್ಬೇಡ."

ಮೇಲಂಗಿಯನ್ನು ಕಂದು ಕಾಗದದ ಮೇಲೆ ಹರಡಿ, ಹೊಲಿಗೆಯ ಗುಂಟ ಗುಂಡುಪಿನ್ನು ಚುಚ್ಚುತ್ತಾ ಹೋದೆ. ಬಿಚ್ಚದೆ ನಕಲು ತೆಗೆಯುವ ದಾರಿ ಇದು, ಕಾಗದದ ಮೇಲೆ ತೂತುಗಳ ಸಾಲು ಉಳಿಯುತ್ತದೆ. ಬಲಪಕ್ಕ ಮುಗಿಸಿ, ಎಂದಿನಂತೆ ಕಾಗದ ಮಡಚಲು ಹೋದರೆ ಇಲಿ ಕೈ ಹಿಡಿದಳು. "ಇದ್ದ ಹಾಗೆ ಅಂದೆ." ಸರಿ ಎಂದು ಎಡಪಕ್ಕವನ್ನೂ ಚುಚ್ಚಿದೆ. ಎರಡೂ ಹೊಂದಲಿಲ್ಲ. ಕಂಕುಳಿಂದ ಸೊಂಟಕ್ಕಿಳಿಯುವ ಬಗಲಿನ ಹೊಲಿಗೆ ಎಡಗಡೆ ಮುಕ್ಕಾಲು ಇಂಚು ಗಿಡ್ಡ. ಮುಟ್ಟಿ ನೋಡಿದರೆ ಎಡಭುಜದ ಒಳಗೆ ಬಟ್ಟೆಗೂ ಲೈನಿಂಗಿಗೂ ನಡುವೆ ಮೆತ್ತಗೆ ಒಂದು ಹತ್ತಿಯ ದಿಂಬು. ಬಲಭುಜದಲ್ಲಿ ಏನೂ ಇಲ್ಲ.

ಆ ದಿಂಬು ನಮ್ಮ ತಲೆಗೆ ಹುಳ ಬಿಟ್ಟಿತು. ಎರಡು ದಿನ ಮನೆಯಲ್ಲಿ ಅದೇ ಮಾತು. ಅಕ್ಕ ತನ್ನ ತೀರ್ಪು ಕೊಟ್ಟಳು: ಆ ಕಾಲದ ಹೆಂಗಸರು ಸದಾ ಕೊಡೆಯನ್ನು ಎಡಭುಜಕ್ಕೆ ಒರಗಿಸಿ ಹಿಡಿಯುತ್ತಿದ್ದರು, ಕೋಲು ಒತ್ತಬಾರದಲ್ಲ. ಧಾರಾವಾಹಿ ಹಾಕಿ ನೋಡಿದೆವು. ನಾಯಕಿ ಕೊಡೆ ಹಿಡಿದಿದ್ದಳು, ಎಡಗೈಯಲ್ಲೇ. ಅಕ್ಕ ಹಿಗ್ಗಿಹೋದಳು. ಮುಂದಿನ ಕಂತಿನಲ್ಲಿ ಅವಳು ಬಲಗೈಯಲ್ಲಿ ಹಿಡಿದಾಗ ಅಕ್ಕನಿಗೆ ಒಲೆಯ ಮೇಲಿನ ಹಾಲು ನೆನಪಾಯಿತು. ಇಲಿಯ ವಾದ ಬೇರೆ. ಆಗ ತಲೆಗೂದಲೊಳಗೆ ಉಂಡೆ ಇಡುತ್ತಿದ್ದರು, ಸೊಂಟಕ್ಕೆ ದಿಂಬು ಕಟ್ಟುತ್ತಿದ್ದರು, ಕಾಲರಿಗೆ ಕಡ್ಡಿ ತೂರಿಸುತ್ತಿದ್ದರು; ಒಂದು ಭುಜ ಎತ್ತಿ ನಿಲ್ಲುವುದೂ ಒಂದು ಫ್ಯಾಶನ್ ಇರಬೇಕು. ನನಗೂ ಹೌದೆನ್ನಿಸಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜಾತಿ ನಾನಲ್ಲ, ಆದರೆ ಅಷ್ಟು ಚೆಂದದ ಕಾಜಾ ಹೊಲಿದವರು ತಪ್ಪು ಮಾಡಿರಲಾರರು ಎಂದು ನಂಬಿದೆ. ಆ ಗಿಡ್ಡ ಬಗಲು, ಆ ಹತ್ತಿ, ಎಲ್ಲವನ್ನೂ ಜಿರಾಫೆಯ ಉದ್ದಕ್ಕೆ ಹಿಗ್ಗಿಸಿ, ಎರಡು ವಾರ ಕೂತು ಹೊಲಿದೆ.

ಟ್ರಯಲ್ ದಿನ ಮಧ್ಯಾಹ್ನ ಜಿರಾಫೆ ಬಂದಳು. ಇಲಿ ಅವಳ ಕೂದಲನ್ನು ಉಬ್ಬಿಸಿ ಎತ್ತಿ ಕಟ್ಟಿದಳು, ಲಂಗ ಉಡಿಸಿದಳು, ಬೆನ್ನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಅವಳು ಕನ್ನಡಿಯ ಕಡೆ ತಿರುಗಿದಳು. ಎಡಭುಜ ಕಿವಿಯ ಹತ್ತಿರ ಹೋಗಿತ್ತು. ಏನು ಕೇಳಿದರೂ ನಂಗೊತ್ತಿಲ್ಲಪ್ಪ ಎಂದು ಭುಜ ಹಾರಿಸಿದವಳು ಅದನ್ನು ಇಳಿಸುವುದನ್ನು ಮರೆತಂತಿತ್ತು. ಕಾಲರು ಬಲಕ್ಕೆ ವಾಲಿತ್ತು.

ಎರಡು ವಾರದ ಕೆಲಸ. ನನಗೆ ಪಿತ್ತ ನೆತ್ತಿಗೇರಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಆ ಹುಡುಗಿಯ ಬೆನ್ನಿಗೆ ಟೇಪಿನಿಂದ ತಟ್ಟಿ, "ನೆಟ್ಟಗೆ ನಿಂತ್ಕೊಳ್ಳೇ" ಅಂದೆ.

"ನೆಟ್ಟಗೇ ನಿಂತಿದ್ದೀನಿ, ಆಂಟಿ" ಅಂದಳು ಜಿರಾಫೆ.

ಕನ್ನಡಿಯಲ್ಲಿ ಇಲಿಯ ಮುಖ ಕಂಡಿತು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಏಳು ವರ್ಷದಲ್ಲಿ ನಾನು ಕಲಿತದ್ದು ಇಷ್ಟೇ. ಆದರೆ ಇಲಿ ನನ್ನನ್ನು ನೋಡುತ್ತಿರಲಿಲ್ಲ. ಗೆಳತಿಯ ಎಡಭುಜದ ಮೇಲೆ ಕೈಯಿಟ್ಟು ದಿಂಬನ್ನು ಮೆಲ್ಲಗೆ ಒತ್ತಿ ಒತ್ತಿ ನೋಡುತ್ತಿದ್ದಳು.

"ಚಿಕ್ಕಮ್ಮ, ಇದು ಫ್ಯಾಶನ್ ಅಲ್ಲ" ಅಂದಳು. "ಇದು ಯಾರದೋ ಭುಜ."

ಜಿರಾಫೆ ಹೋದ ಮೇಲೆ ಹಳೆಯ ಮೇಲಂಗಿಯನ್ನು ಕಿಟಕಿಯ ಬಳಿ ತಂದು, ಎಡಭುಜದ ಲೈನಿಂಗನ್ನು ಬಿಚ್ಚಿದೆವು. ಬ್ಲೇಡು ಅವಳ ಕೈಯಲ್ಲಿತ್ತು, ನಾನು ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ದಿಂಬು ಒಂದಲ್ಲ, ಮೂರು ಪದರ. ತಳದ್ದು ಬರೀ ಬೆರಳುಗುರಿನಷ್ಟು ತೆಳು, ಬಿಳಿ ದಾರದ್ದು. ಅದರ ಮೇಲಿನದು ಸ್ವಲ್ಪ ದಪ್ಪ, ಕೆನೆಬಣ್ಣದ ದಾರ. ಮೇಲಿನದು ಬೂದು ದಾರ. ಮೂರಕ್ಕೂ ಟಾಕು ಒಂದೇ ಕೈಯದು, ಓರೆಯಾಗಿ, ಸಣ್ಣಗೆ. ಸೊಂಟದ ಒಳಪಟ್ಟಿಯನ್ನು ತಿರುಗಿಸಿದರೆ ಮಾಸಿದ ಶಾಯಿಯಲ್ಲಿ ಅಂಕಿಗಳು, ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು. ಎಡದ ಸಾಲಿನಲ್ಲಿ ಎರಡು ಕಡೆ ಹೊಡೆದು ಹಾಕಿ ಹೊಸದಾಗಿ ಬರೆದಿದ್ದರು.

"ಒಂದೇ ಸಲಕ್ಕೆ ಹಾಕಿದ್ದಲ್ಲ" ಎಂದಳು ಇಲಿ. "ಇದನ್ನ ತೊಟ್ಟವಳ ಭುಜ ಇಳೀತಾ ಹೋಗಿದೆ, ಅವಳು ವಾಪಸು ಬಂದಿದ್ದಾಳೆ. ಇನ್ನೂ ಇಳಿದಿದೆ, ಇನ್ನೊಂದ್ಸಲ ಬಂದಿದ್ದಾಳೆ. ಯಾರಿರಬಹುದು ಚಿಕ್ಕಮ್ಮ? ಎಷ್ಟು ವಯಸ್ಸು? ಮೂರು ಸಲಾನೂ ಅದೇ ದರ್ಜಿ ಹತ್ರ."

"ಅದೇ ಕೈ. ಟಾಕು ಸುಳ್ಳು ಹೇಳಲ್ಲ."

ಅವಳು ಹತ್ತಿಯನ್ನು ಅಂಗೈ ಮೇಲೆ ಇಟ್ಟುಕೊಂಡಳು. "ವಾಪಸು ಬಂದಿದ್ದಾಳೆ ಅಂದ್ರೆ, ಆ ದರ್ಜಿ ಅವಳಿಗೇನೂ ಅಂದಿರ್ಲಿಲ್ಲ."

"ನಾನು ಅಂದಿದ್ದೆ" ಅಂದೆ.

"ನೆನಪಿದ್ಯಾ ನಿಂಗೆ?"

"ದಿನಾ ನೆನಪಾಗತ್ತೆ. ತಪ್ಪಾಯ್ತು ಕಣೇ. ಆವತ್ತೇ ಹೇಳ್ಬೇಕಿತ್ತು. ನಾಚಿಕೆ ಆಗಿ ಹೇಳ್ಲಿಲ್ಲ, ಆಮೇಲೆ ಹೇಳೋಕೆ ತಡ ಆಯ್ತು ಅನ್ಕೊಂಡೇ ಏಳು ವರ್ಷ ಕಳೆದೆ."

ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಹೇಳದೇ ಇದ್ದದ್ದೇ ಸರಿ. ಎದ್ದು, ಹತ್ತಿಯನ್ನು ಎಡಭುಜದೊಳಗೆ ವಾಪಸು ಇಟ್ಟು, ತನ್ನ ದೊಗಳೆ ಅಂಗಿಯ ಮೇಲೇ ಆ ಹಳೆಯ ಮೇಲಂಗಿಯನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ಹೋದಳು. ಕಥೆಯಾಗಿದ್ದರೆ ಅದು ಅವಳಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ಆದರೆ ಇವಳದು ಬಲಭುಜ ತಗ್ಗು, ಆ ಹೆಂಗಸಿನದು ಎಡ. ಎತ್ತರದ ಕಡೆಯೇ ಇನ್ನಷ್ಟು ಎತ್ತರವಾಗಿ, ಜಿರಾಫೆಗಿಂತ ಕೆಟ್ಟದಾಗಿ ಕಂಡಿತು. ಇಲಿ ನೋಡಿದಳು, ನಕ್ಕಳು.

"ನಾವಿಬ್ರೂ ಪಕ್ಕಪಕ್ಕ ನಿಂತ್ರೆ ಮನೆ ಮಾಡಿನ ಹಾಗೆ ಇರ್ತಿದ್ವಿ. ಅವಳು ಒಂದು ಇಳಿಜಾರು, ನಾನೊಂದು."

ಆಮೇಲೆ ಮೂರು ದಿನ ಏನೂ ಆಗಲಿಲ್ಲ. ಜಿರಾಫೆಯ ಮೇಲಂಗಿಯ ಎಡಪಕ್ಕ ಬಿಚ್ಚಿ, ಹತ್ತಿ ತೆಗೆದು, ಬಗಲಿನ ಬಟ್ಟೆಯನ್ನು ಹೊಸದಾಗಿ ಜೋಡಿಸಿದೆ. ಮಾಡಿದ್ದುಣ್ಣೋ ಮಹಾರಾಯ ಎಂದು ನನಗೆ ನಾನೇ ಹೇಳಿಕೊಂಡೆ. ಕೆಲಸ ಮಾಡುತ್ತಾ ಒಂದು ವಿಷಯ ಬಿಡದೆ ಕಾಡಿತು. ಇಲಿ ಕೈ ಹಿಡಿಯದೆ ಇದ್ದಿದ್ದರೆ ನಾನು ಕಾಗದ ಮಡಚಿ ಬಲಪಕ್ಕವನ್ನೇ ಎರಡು ಮಾಡುತ್ತಿದ್ದೆ. ಅಂಗಿ ಚೆಂದ ಬರುತ್ತಿತ್ತು, ಆ ಹೆಂಗಸು ಇದ್ದಳೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹೀಗೆ ಮಡಚಿ ಮಡಚಿ ನಾನು ಎಷ್ಟು ಜನರನ್ನು ನೋಡದೆ ಬಿಟ್ಟಿದ್ದೇನೋ.

ನಾಲ್ಕನೆಯ ದಿನ ಗಿರಾಕಿಗಳಿಲ್ಲದ ಹೊತ್ತು ನೋಡಿ ಇಲಿ ಅಂಗಡಿಗೆ ಬಂದಳು. ಬಾಗಿಲ ಪರದೆ ಎಳೆದಳು. ದೊಗಳೆ ಅಂಗಿ ತೆಗೆದು ಒಳಬನಿಯನ್ನಿನಲ್ಲಿ ಕನ್ನಡಿಯ ಮುಂದೆ ನಿಂತಳು. ನನ್ನ ಕುತ್ತಿಗೆಯಿಂದ ಟೇಪನ್ನು ಎಳೆದು ನನ್ನ ಕೈಯಲ್ಲಿಟ್ಟಳು.

"ಇನ್ನು ಹನ್ನೊಂದೇ ದಿನ ಇದೆ. ಹೊಲಿಯೋಕಾಗತ್ತಾ?"

"ಕಾಜಾ ನೀನು ಹಾಕಿದ್ರೆ ಆಗತ್ತೆ" ಅಂದೆ. "ಬಲಗಡೆ ಹತ್ತಿ ಎಷ್ಟು ದಪ್ಪ ಇಡ್ಲಿ?"

"ಹತ್ತಿ ಬೇಡ. ಆಕೆಗೆ ಬೇಕಿತ್ತು, ಹಾಕಿಸ್ಕೊಂಡ್ಳು. ನಂಗೆ ಬೇಡ. ಕಾಲರ್ ಗಂಟಲ ಮಧ್ಯ ಕೂತ್ರೆ ಸಾಕು."

ಟೇಪು ಬಿಡಿಸಿದೆ. ಮೂವತ್ತೊಂದು ವರ್ಷದ ಅಭ್ಯಾಸ, ನಾಲಗೆ ತುದಿಗೆ ಅದೇ ಮಾತು ಬಂತು. ಕಚ್ಚಿ ಹಿಡಿದೆ. ಅವಳಿಗೆ ಗೊತ್ತಾಗಿಹೋಯಿತು, ಕನ್ನಡಿಯಲ್ಲಿ ಹುಬ್ಬು ಏರಿಸಿದಳು. "ನೀನು ಹೇಗೆ ನಿಲ್ತೀಯೋ ಹಾಗೆ ನಿಲ್ಲು" ಅಂದೆ. ನಿಂತಳು. ಬಲಭುಜ ಅಳೆದೆ, ಎಡಭುಜ ಅಳೆದೆ. ಬಲ ಬಗಲು, ಎಡ ಬಗಲು. ಅಳತೆಯ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದೇ ಸಾಲು ಇರುವುದು. ಅವಳ ಪುಟಕ್ಕೆ ನಡುವೆ ಗೆರೆ ಎಳೆದು ಎರಡು ಸಾಲು ಮಾಡಿದೆ.

ಬಿಳಿ ಬಟ್ಟೆಯನ್ನು ಮೇಜಿನ ಮೇಲೆ ಹಾಕಿದೊಡನೆ ಕೈ ತನ್ನಷ್ಟಕ್ಕೆ ಅದನ್ನು ಮಡಚಿತು. ಇಲಿ ಅಂಚು ಹಿಡಿದು ಬಿಡಿಸಿದಳು. ಒಂಟಿ ಪದರದ ಮೇಲೆ ಮೊದಲು ಬಲಪಕ್ಕ ಬರೆದೆ, ಆಮೇಲೆ ಎಡಪಕ್ಕ ಬರೆದೆ, ಎರಡನ್ನೂ ಬೇರೆ ಬೇರೆಯಾಗಿ ಕತ್ತರಿಸಿದೆ. ಕಣ್ಣು ಮಂಜಾಗಿದ್ದರಿಂದ ನಿಧಾನಕ್ಕೆ ಕತ್ತರಿಸಬೇಕಾಯಿತು.

"ಮತ್ತೆ ಕ್ಯಾಮೆರಾ ಯಾರು ಹಿಡೀತಾರೆ?" ಎಂದು ಕೇಳಿದೆ.

"ಜಿರಾಫೆ ಹಿಡೀತಾಳೆ" ಅಂದಳು. "ಮೊದಲನೇ ಫೋಟೋ ನಂದು."