ಕಣದ ವಾಟ

ರಾಗಿ ಕಣ ಸಾರಿಸಲು ಸಗಣಿ ಬಗ್ಗಡ ಕಲಸುತ್ತಿದ್ದ ವನಜಾಕ್ಷಿಗೆ, ಜಗಲಿಯಲ್ಲಿ ಕೂತ ಮಗಳು ಮತ್ತೆ ನಿಟ್ಟುಸಿರಿಟ್ಟದ್ದು ಕೇಳಿಸಿತು.

ತನುಶ್ರೀಗೆ ಇಂಜಿನಿಯರಿಂಗ್ ಕೊನೆಯ ವರ್ಷ. ಎರಕದ ಕಬ್ಬಿಣದ ಹಲಗೆಯೊಂದರ ಮೈ ಸರಾಸರಿ ಎಷ್ಟು ಒರಟು ಎಂದು ಕಂಡುಹಿಡಿಯುವುದು ಅವಳ ಪ್ರಾಜೆಕ್ಟು. ಲೇಸರ್ ಯಂತ್ರ ಆ ಮೈಮೇಲಿನ ನಲವತ್ತು ಸಾವಿರ ಚುಕ್ಕಿಗಳನ್ನು ಅಳೆದುಕೊಟ್ಟಿತ್ತು. ಅದೇ ಹಲಗೆಗೆ ಕಾಲೇಜಿನ ಒರಟುತನ ಅಳೆಯುವ ಉಪಕರಣ ಮೂವತ್ತೆಂಟು ಮೈಕ್ರಾನ್ ಅಂದರೆ ಇವಳ ಲೆಕ್ಕ ಆರುನೂರ ಹತ್ತು ಅನ್ನುತ್ತಿತ್ತು. ಸೋಮವಾರದೊಳಗೆ ಸರಿಮಾಡದಿದ್ದರೆ ಈ ವರ್ಷ ಪಾಸಿಲ್ಲ ಎಂದು ಮೇಷ್ಟ್ರು ಹೇಳಿ ಕಳಿಸಿದ್ದರು.

“ಹೆಂಗೆ ಲೆಕ್ಕ ಹಾಕ್ದೆ, ನಂಗೂ ಹೇಳೇ.”

“ನಿಂಗರ್ಥ ಆಗಲ್ಲ ಬುಡಮ್ಮ.”

“ಆಗ್ದಿದ್ರೆ ಸುಮ್ಕೆ ಕೇಳ್ತೀನಿ. ಕೈಗೆ ತಾನೇ ಕೆಲ್ಸ, ಕಿವಿಗೇನು?”

ತನುಶ್ರೀ ನಕ್ಕಳು. “ಎಲ್ಲಾ ಚುಕ್ಕಿ ಎತ್ತರದ ಸರಾಸರಿ ತಗೊಂಡೆ. ಪ್ರತಿ ಚುಕ್ಕಿ ಅದಕ್ಕಿಂತ ಎಷ್ಟು ಮೇಲೈತೆ, ಎಷ್ಟು ಕೆಳಗೈತೆ ನೋಡ್ದೆ. ಆ ಅಂತರಗಳ ಸರಾಸರಿನೇ ಒರಟುತನ.”

ವನಜಾಕ್ಷಿಯ ಕೈ ಬಗ್ಗಡದಲ್ಲೇ ನಿಂತಿತು. “ಹಲಗೆ ಮಟ್ಟಸವಾಗಿ ಇಟ್ಟಿದ್ರಾ? ಇಲ್ಲಾ ಒಂದ್ ಕಡೀಕೆ ಇಳಿಜಾರು, ವಾಟವಾಗಿತ್ತಾ?”

ಕಂಬಕ್ಕೊರಗಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಹಾಲಮ್ಮ ಕಿಸಕ್ಕನೆ ನಕ್ಕರು. “ಕೇಳೇ ತನು, ನಿಮ್ಮಮ್ಮಂಗೆ ವಾಟ ಅಂದ್ರೆ ಚೆನ್ನಾಗ್ ಗೊತ್ತು!”

ಮದುವೆಯಾದ ವರ್ಷ ಹೊನ್ನವಳ್ಳಿಯ ಈ ಕಣ ಒಂದು ಕಡೆ ತಗ್ಗಾಗಿದೆಯೆಂದು ಹೊಸ ಸೊಸೆ ವನಜಾಕ್ಷಿ ಮಣ್ಣು ಹೊತ್ತು ತುಂಬಿ, ಗುದ್ದಲಿ ಹಿಡಿದು ಸಮಮಾಡಿಬಿಟ್ಟಿದ್ದಳು. ಅಕಾಲದ ಮಳೆ ಬಂತು. ಹರಿದುಹೋಗಬೇಕಿದ್ದ ನೀರು ನಿಂತು, ಇಡೀ ಮೆದೆಯ ರಾಗಿ ಮೊಳೆಯಿತು. ಹಾಲಮ್ಮ ಬೈಯಲಿಲ್ಲ. ಸೊಸೆಯ ಅಂಗೈ ಹಿಡಿದು ನೆಲದ ಮೇಲೆ ಸವರಿಸಿದ್ದರು: “ವಾಟ ಬೇರೆ, ಕುಳಿ ಬೇರೆ ಕಣವ್ವ. ಕೈಯ ನೆಲದ ಜೊತೇಲೇ ಜಾರಿಸ್ಬೇಕು. ಆಗ ಕೈಗೆ ತಡೆಯೋದೇ ಉಬ್ಬು, ತಪ್ಪೋದೇ ಕುಳಿ.”

ತನುಶ್ರೀ ಎದ್ದು ನಿಂತಳು. ಹಲಗೆ ಓರೆಯಾಗಿ ಕೂತಿದ್ದರೆ ಅದರ ಓರೆಯನ್ನೂ ತಾನು ಒರಟುತನವೆಂದೇ ಎಣಿಸಿದ್ದೇನೆ! ಮೊದಲು ಚುಕ್ಕಿಗಳ ನಡುವೆ ಹಾಯುವ ಓರೆ ಸಮತಲವೊಂದನ್ನು ಹೊಂದಿಸಿಕೊಂಡು, ಅದರಿಂದ ಅಂತರ ಅಳೆಯಬೇಕು. ಅಳತೆಗಳಿದ್ದ ಸಿ.ಡಿ. ಬ್ಯಾಗಿಗೆ ತುರುಕಿ, ತಿಪಟೂರಿನ ಕಂಪ್ಯೂಟರ್ ಸೆಂಟರಿಗೆ ಹತ್ತೂವರೆ ಬಸ್ಸು ಹಿಡಿದಳು.

ಸಂಜೆ ಫೋನು ಹೊಡೆದುಕೊಂಡಾಗ ವನಜಾಕ್ಷಿ ಸೆರಗಿಗೆ ಕೈ ಒರೆಸುತ್ತ ಓಡಿದಳು.

“ಅಮ್ಮ, ನಲವತ್ತು ಬಂತು! ವಾಟ ಕಳೆದ್ಮೇಲೆ ನಲವತ್ತು! ಮೇಷ್ಟ್ರಿಗೂ ಫೋನ್ ಮಾಡ್ದೆ. ಇಷ್ಟು ಹತ್ರ ಬಂದ್ರೆ ಸಾಕಂತೆ, ಸೋಮವಾರ ತೋರ್ಸು ಅಂದ್ರು.”

ಸುದ್ದಿ ಕೇಳಿ ಹಾಲಮ್ಮ, “ಮೂವತ್ತೆಂಟಲ್ವಾ? ಇನ್ನೆರಡು ಎಲ್ಲಿಂದ ಬಂತು?” ಅಂದರು.

“ಅಷ್ಟು ನಮ್ಮನೆ ಹುಡ್ಗಿ ಒರಟುತನ ಇರ್ಲಿ ಬುಡಿ ಅತ್ತೆ.” ವನಜಾಕ್ಷಿ ಅವರ ಪಕ್ಕ ಕೂತು ಅವರೆಕಾಯಿ ಕೈಗೆತ್ತಿಕೊಂಡಳು. “ಅವತ್ತು ನೀವು ಬೈದಿದ್ರೆ ಅತ್ಬುಟ್ಟು ಮರ್ತಿರ್ತಿದ್ದೆ. ಕೈ ಹಿಡ್ದು ತೋರಿಸಿದ್ರಿ. ಅದೇ ಇವತ್ತು ಮಗೀಗೆ ಕೆಲ್ಸಕ್ಕಾಯ್ತು.”

“ಬೈಯೋಣ ಅಂತಲೇ ಇದ್ದೆ ಕಣೇ,” ಹಾಲಮ್ಮ ಮುಖ ಆ ಕಡೆ ತಿರುಗಿಸಿದರು. “ಬಾಯ್ತುಂಬ ಎಲೆಅಡಿಕೆ ಇತ್ತು.”