ಮೇಲಿನ ಎಲೆ

ಬ್ಯಾಡಗಿಯಲ್ಲಿ ಹೆಣ್ಣುಹುಡುಗಿಯೊಬ್ಬಳು ಎಲೆ ಆಡುತ್ತಾಳೆಂದರೆ ಯಾರು ಸುಮ್ಮನಿರುತ್ತಾರೆ? ಅದೂ ಚೌಡವ್ವನ ಮಗಳು ಅಂಜಲಿ! ಓಣಿಯ ಜನ ಮೊದಲ ವಾರ ಬಾಯಿಯ ಮೇಲೆ ಕೈ ಇಟ್ಟುಕೊಂಡರು, ಎರಡನೆಯ ವಾರ ಆ ಕೈ ತೆಗೆದು ಬಾಯಿಗೆ ಬಂದದ್ದು ಆಡಿದರು. ಗಂಡಸರೇ ಅಂದರ್ ಬಾಹರ್ ಆಡಿ ಪೊಲೀಸರ ಜೀಪು ಹತ್ತುವ ಕಾಲದಲ್ಲಿ ಇಪ್ಪತ್ತು ವರ್ಷದ ಹುಡುಗಿ ರಾಣೇಬೆನ್ನೂರಿನ ಬಸ್ಸು ಹತ್ತುತ್ತಾಳಲ್ಲ, ಏನು ಕಾಲ ಬಂತಪ್ಪಾ ಎಂದರು. ಪಕ್ಕದ ಮನೆಯ ಬಿಬಿಜಾನ್ ಒಬ್ಬಳೇ ಕಣ್ಣಾರೆ ನೋಡಿ ಬಂದು, ಆ ಎಲೆಗಳಲ್ಲಿ ರಾಜನೂ ಇಲ್ಲ ರಾಣಿಯೂ ಇಲ್ಲ, ಬರೀ ಹಕ್ಕಿ, ಹಾವು, ಗುಡ್ಡಗಳಿವೆ ಎಂದು ಎಲ್ಲರಿಗೂ ಹೇಳಿದಳು.

ಬಿಬಿಜಾನ್ ಹೇಳಿದ್ದು ಖರೆ. ಅದು ಇಸ್ಪೀಟಲ್ಲ. ಮುಂಬಯಿಯ ಕಂಪನಿಯೊಂದು 2006ರ ದೀಪಾವಳಿಯ ಹೊತ್ತಿಗೆ ಪೇಟೆಗೆ ಬಿಟ್ಟ ಹೊಸ ಕಾರ್ಡಿನ ಆಟ. ಎಲೆಗಳು ಸಣ್ಣ ಪೊಟ್ಟಣದಲ್ಲಿ ಬರುತ್ತಿದ್ದವು. ಯಾವ ಪೊಟ್ಟಣದಲ್ಲಿ ಏನಿದೆಯೋ ಒಡೆದ ಮೇಲೆಯೇ ಗೊತ್ತು. ಬೇಡವಾದದ್ದನ್ನು ಇನ್ನೊಬ್ಬರಿಗೆ ಕೊಟ್ಟು ಬೇಕಾದದ್ದನ್ನು ಪಡೆದು ಪ್ರತಿಯೊಬ್ಬರೂ ತಮ್ಮದೇ ನಲವತ್ತು ಎಲೆಯ ಕಟ್ಟು ಕಟ್ಟಿಕೊಳ್ಳಬೇಕು. ರಾಣೇಬೆನ್ನೂರಿನಲ್ಲಿ ನೋಟುಬುಕ್ಕು, ಪೆನ್ನು ಮಾರುತ್ತಿದ್ದ ಸುನೀಲಕುಮಾರ ಇದರ ಏಜೆನ್ಸಿ ಹಿಡಿದ. ಕಂಪನಿ ಯುಗಾದಿಯವರೆಗೆ ಒಂದು ಹಂಗಾಮನ್ನೇ ಸಾರಿತು: ಒಂದು ಭಾನುವಾರ ರಾಣೇಬೆನ್ನೂರು, ಒಂದು ಭಾನುವಾರ ಬ್ಯಾಡಗಿ, ಇನ್ನೊಂದು ಭಾನುವಾರ ಹಾವೇರಿ. ಕೊನೆಯ ಪಂದ್ಯ ಗೆದ್ದವರನ್ನು ಕಂಪನಿ ತನ್ನ ತಂಡಕ್ಕೆ ಸೇರಿಸಿಕೊಳ್ಳುತ್ತದೆ, ವರ್ಷವಿಡೀ ಊರೂರು ತಿರುಗಿ ಆಡುವುದೇ ನೌಕರಿ.

ಆಡುವುದೇ ನೌಕರಿ! ಅಂಜಲಿಗೆ ಆ ಮಾತು ಕಿವಿಯಲ್ಲಿ ಕೂತುಬಿಟ್ಟಿತು.

ಅವಳ ಮನೆಯಲ್ಲಿ ಕೆಲಸವೆಂದರೆ ಮೆಣಸಿನಕಾಯಿಯ ತೊಟ್ಟು ಮುರಿಯುವುದು. ದಲಾಲಿ ಅಂಗಡಿಯಿಂದ ಚೀಲ ಬರುತ್ತದೆ, ತಾಯಿ ಮಗಳು ಪಡಸಾಲೆಯಲ್ಲಿ ಸುರಿದುಕೊಂಡು ಕೂಡುತ್ತಾರೆ. ಬರೀ ತೊಟ್ಟು ಮುರಿದರೆ ಆಗಲಿಲ್ಲ, ಬಣ್ಣ ನೋಡಿ ಬೇರೆ ಮಾಡಬೇಕು. ಕಡುಗೆಂಪು ಒಂದು ಕಡೆ, ಅದಕ್ಕಿಂತ ಒಂದು ಕೂದಲೆಳೆ ತಿಳಿಯಾದದ್ದು ಇನ್ನೊಂದು ಕಡೆ, ಬಿಳಿಚಿಕೊಂಡದ್ದು ಮತ್ತೊಂದು ಕಡೆ. ಹೊರಗಿನವರಿಗೆ ಎಲ್ಲವೂ ಒಂದೇ ಕೆಂಪು. ಅಂಜಲಿಗೋ, ಫ್ರಾಕು ಹಾಕುವ ವಯಸ್ಸಿನಿಂದ ಕೂತವಳು, ಕಾಯಿ ನೋಡಬೇಕೆಂದೇ ಇಲ್ಲ. ತಾಯಿಯ ಜೊತೆ ಹರಟುತ್ತಿರುವಾಗಲೇ ಕೈ ತಾನಾಗಿ ಸರಿಯಾದ ರಾಶಿಗೆ ಹೋಗುತ್ತಿತ್ತು. ನೋಡಿದವರೆಲ್ಲ ಹುಡುಗಿಯ ಕೈ ಚಲೋ ಎನ್ನುತ್ತಿದ್ದರು. ಪಿಯುಸಿಯಲ್ಲಿ ಎರಡು ಸಲ ನಪಾಸಾದಾಗಲೂ ಮಾಸ್ತರರು ಚೌಡವ್ವನಿಗೆ ಅದನ್ನೇ ಹೇಳಿದರು: ಇರಲಿ ಬಿಡವ್ವಾ, ಕೈ ಚಲೋ ಇದೆಯಲ್ಲ. ಕೈ, ಕೈ, ಕೈ! ಅವಳಿಗೂ ಒಂದು ತಲೆ ಇದೆ ಎಂದು ಯಾರಾದರೂ ಒಬ್ಬರು ಅಂದಿದ್ದರೆ ಅವರ ಗಂಟೇನು ಹೋಗುತ್ತಿತ್ತೋ.

ಅಂದವನು ಸುನೀಲಕುಮಾರ.

ಈ ಆಟದ ಜೀವವೆಲ್ಲ ಒಂದೇ ಕಡೆ ಇತ್ತು. ಕಟ್ಟು ಬೋರಲಾಗಿ ಎದುರಿಗಿರುತ್ತದೆ. ಸರದಿ ಬಂದಾಗ ಮೇಲಿನ ಎಲೆಯನ್ನು ಎತ್ತಿಕೊಳ್ಳಬೇಕು, ಇಲ್ಲವೇ ನೋಡದೆಯೇ ಅಡಿಗೆ ತಳ್ಳಬೇಕು. ಹಾಳು ಎಲೆ ಎತ್ತಿದಿರೋ, ಕೈ ಕಟ್ಟಿಹೋಗುತ್ತದೆ. ಒಳ್ಳೆಯದನ್ನು ತಳ್ಳಿದಿರೋ, ಹೋಯಿತು, ಮತ್ತೆ ಬರುವುದಿಲ್ಲ. ಎಲ್ಲರೂ ಇಲ್ಲಿ ಬಂದಾಗ ಉಗುಳು ನುಂಗುತ್ತಿದ್ದರು. ಅಂಜಲಿ ಮಾತ್ರ ಒಂದು ಗಳಿಗೆ ಕಟ್ಟನ್ನು ನೋಡುವಳು, ಎತ್ತುವಳು, ಕೆಂಡದ ಹಕ್ಕಿ! ಅವಳ ಕಟ್ಟಿನಲ್ಲಿ ಕೆಂಡದ ಹಕ್ಕಿಗಳು ನಾಲ್ಕು, ಆಟದಲ್ಲೇ ದೊಡ್ಡ ಎಲೆ. ಹಾವು, ಗುಡ್ಡ ಮೇಲಿದ್ದರೆ ಅಡಿಗೆ ತಳ್ಳುವಳು. ಪ್ರತಿಸಲವೂ ಸರಿ ಎಂದಲ್ಲ, ಆದರೆ ಹತ್ತರಲ್ಲಿ ಏಳೆಂಟು ಸಲ ಸರಿ. ಡಿಸೆಂಬರಿನಲ್ಲಿ ರಾಣೇಬೆನ್ನೂರಿನ ಪಂದ್ಯ ಗೆದ್ದ ದಿನ ಸುನೀಲಕುಮಾರ ತಡೆಯಲಾರದೆ ಕೇಳಿದ.

"ಹೆಂಗ ಗೊತ್ತಾಗ್ತದ ನಿನಗ?"

"ನನಗೂ ಗೊತ್ತಿಲ್ಲರಿ. ಕಟ್ಟು ನೋಡಿದೆ ಅಂದ್ರ ತಲಿಯಾಗ ಬಂದಬಿಡ್ತದ."

"ತಲಿ ಅಂದ್ರ ಇದು ನೋಡು," ಎಂದ ಸುನೀಲಕುಮಾರ, ಅಲ್ಲಿದ್ದ ಎಲ್ಲರಿಗೂ ಕೇಳುವಂತೆ.

ಆ ದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಅಂಜಲಿ ಊರು ಬರುವವರೆಗೂ ತನ್ನಷ್ಟಕ್ಕೇ ನಗುತ್ತಿದ್ದಳು. ಕಂಡಕ್ಟರನು ಟಿಕೇಟಿಗೆ ಎರಡು ಸಲ ಕೂಗಬೇಕಾಯಿತು.

ಅಂದಿನಿಂದ ಕಟ್ಟು ಅವಳ ಮಗ್ಗುಲು ಬಿಡಲಿಲ್ಲ. ತೊಟ್ಟು ಮುರಿಯುತ್ತ ಮುರಿಯುತ್ತ ನಡುವೆ ಎಲೆ ಹರವುವಳು, ಕೂಡಿಸುವಳು, ಕೆಂಡದ ಹಕ್ಕಿಗಳನ್ನು ಹೆಕ್ಕಿ ಮಡಿಲಲ್ಲಿಟ್ಟುಕೊಂಡು ಮುದ್ದಿಸುವಳು. ಕೈ ತೊಳೆದುಕೊಂಡು ಆಡವ್ವಾ ಎಂದು ಚೌಡವ್ವ ಗದರಿದ್ದೇ ಬಂತು. ಗದರುವಳೇ ಹೊರತು, ಓಣಿಯವರು ಯಾರಾದರೂ ಮಗಳ ಬಗ್ಗೆ ತುಟಿ ಬಿಚ್ಚಿದರೆ ಅವರ ಮೂರು ತಲೆಮಾರನ್ನು ಎಳೆದು ಜಾಡಿಸುವಳು. ಆಟ ಏನೆಂದು ಅವಳಿಗೆ ತಿಳಿಯದು. ಮಗಳ ಮುಖದಲ್ಲಿ ಬೆಳಕು ಬಂದಿದೆ ಎನ್ನುವುದಷ್ಟು ತಿಳಿದಿತ್ತು, ಅವಳಿಗೆ ಅದು ಸಾಕಾಗಿತ್ತು.

ಜನವರಿ ಹೋಯಿತು, ಫೆಬ್ರುವರಿ ಹೋಯಿತು. ಮೆಣಸಿನಕಾಯಿಯ ಹಂಗಾಮು ಏರಿದಂತೆ ಅಂಜಲಿಯ ಆಟವೂ ಏರಿತು. ಬ್ಯಾಡಗಿಯ ಪಂದ್ಯದಲ್ಲಂತೂ ಹೊರಗೂರಿನಿಂದ ಬಂದವರೆಲ್ಲ ಘಾಟಿಗೆ ಕೆಮ್ಮಿ ಕೆಮ್ಮಿ ಸೋತರು, ಇವಳು ಕಣ್ಣು ಕೂಡ ಒರೆಸಿಕೊಳ್ಳದೆ ಗೆದ್ದಳು. ಕೊನೆಗೆ ಇಬ್ಬರು ಉಳಿದರು: ಅಂಜಲಿ, ಮತ್ತೆ ಅಗಡಿಯ ವಿಜಯಮಹಾಂತೇಶ. ಅವನು ಕಾಲೇಜು ಹುಡುಗ, ಮಾತು ಮೆತ್ತಗೆ, ಆಟ ಬಿಗಿ.

ಮಾರ್ಚಿನಲ್ಲಿ ಹಾವೇರಿಯ ಒಂದು ಕಲ್ಯಾಣಮಂಟಪದ ಊಟದ ಹಾಲಿನಲ್ಲಿ ಕೊನೆಯ ಪಂದ್ಯ. ಕಂಪನಿಯ ತೀರ್ಪುಗಾರ ಬೆಂಗಳೂರಿನಿಂದ ಬಂದಿದ್ದ. ಆಟಕ್ಕೆ ಮುಂಚೆ ಇಬ್ಬರ ಕಟ್ಟನ್ನೂ ತಪಾಸಣೆ ಮಾಡುವುದು ಪದ್ಧತಿ. ವಿಜಯಮಹಾಂತೇಶನ ಕಟ್ಟು ನೋಡಿದ, ಆಯಿತು. ಅಂಜಲಿಯ ಕಟ್ಟು ಕೈಗೆ ತೆಗೆದುಕೊಂಡು ನಾಲ್ಕು ಎಲೆ ತಿರುವಿದನೋ ಇಲ್ಲವೋ, ಆಕ್ಷೀ ಎಂದು ಸೀನಿದ. ಇನ್ನೂ ನಾಲ್ಕು ತಿರುವಿದ, ಮತ್ತೆ ಆಕ್ಷೀ. ಬ್ಯಾಡಗಿಯ ಎಲೆರೀ ಸಾಹೇಬರ ಎಂದು ಯಾರೋ ಹಿಂದಿನಿಂದ ಅಂದರು, ಹಾಲಿಗೆ ಹಾಲೇ ನಕ್ಕಿತು. ತೀರ್ಪುಗಾರನೂ ನಗುತ್ತ ಬಿಳಿ ಕರವಸ್ತ್ರ ತೆಗೆದ, ಬೆರಳು ಒರೆಸಿದ, ಕರವಸ್ತ್ರ ನೋಡಿದ. ಆಮೇಲೆ ನಗಲಿಲ್ಲ.

ಕರವಸ್ತ್ರದ ಮೇಲೆ ಕೆಂಪು ಹತ್ತಿತ್ತು. ಒಂದೊಂದೇ ಎಲೆಯ ಬೆನ್ನನ್ನು ಉಜ್ಜಿ ನೋಡಿದ. ಕೆಲವುಗಳಿಂದ ಬಟ್ಟೆಗೆ ಏನೂ ಹತ್ತಲಿಲ್ಲ, ಕೆಲವುಗಳಿಂದ ಹತ್ತಿತು. ಎಲೆಯ ಬೆನ್ನಿಗೆ ಗುರುತಿದ್ದರೆ ಆಟದಿಂದ ಹೊರಗೆ, ಅದು ಜಗತ್ತಿನ ಎಲ್ಲ ಎಲೆಯಾಟದ ನಿಯಮ. ತೀರ್ಪುಗಾರ ಅಂಜಲಿಯನ್ನು ನೋಡಿ, ಇದು ನಿಮಗೆ ಗೊತ್ತಿತ್ತಾ ಎಂದು ಕೇಳಿದ. ಇಲ್ಲರಿ ಎಂದಳು. ದೇವರ ಮುಂದೆ ಹೇಳಿದಷ್ಟೇ ಪ್ರಾಮಾಣಿಕವಾಗಿ ಹೇಳಿದಳು.

ಆತ ಒಳ್ಳೆಯ ಮನುಷ್ಯ. ಕಂಪನಿ ಎಲೆಗಳ ಬೆನ್ನನ್ನು ಮೊದಲೇ ಇಟ್ಟಿಗೆಗೆಂಪಿನಲ್ಲಿ ಅಚ್ಚು ಹಾಕಿಸಿತ್ತು. ಎಲೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಓರೆ ಮಾಡಿ, ಕನ್ನಡಕ ತೆಗೆದು, ಹಾಕಿ ನೋಡಿದ.

"ಹೆದರಬೇಡಿ. ಕೆಂಪಿನ ಮೇಲೆ ಕೆಂಪು. ಇಷ್ಟು ಹತ್ತಿರ ಹಿಡಿದರೂ ನನಗೆ ಕಾಣ್ತಿಲ್ಲ, ಆಡುವಾಗ ಯಾರಿಗೆ ಕಾಣಬೇಕು?"

ತನ್ನ ಪೆಟ್ಟಿಗೆಯಿಂದ ಎಲೆಯಳತೆಯ, ಮುಂದೆ ಪಾರದರ್ಶಕ, ಬೆನ್ನಿಗೆ ಕಪ್ಪಾದ ಪ್ಲಾಸ್ಟಿಕ್ ಚೀಲಗಳನ್ನು ತೆಗೆದು, ಒಂದೊಂದು ಎಲೆಗೂ ಒಂದೊಂದು ತೊಡಿಸಿ ಆಡಿದರಾಯಿತು ಎಂದ. ವಿಜಯಮಹಾಂತೇಶ ತಕರಾರು ತೆಗೆಯುವುದಿರಲಿ, ತಾನೇ ಮುಂದೆ ಬಂದು ಚೀಲ ತೊಡಿಸಲು ನೆರವಾದ. ಜನ ಚಪ್ಪಾಳೆ ತಟ್ಟಿದರು. ಸುನೀಲಕುಮಾರನ ಜೀವ ಮರಳಿ ಬಂತು. ಅವಳ ಎಲೆಗಳೇ, ಅವಳ ನಲವತ್ತೇ, ಒಂದೂ ಬದಲಾಗಲಿಲ್ಲ.

ಆಟ ಶುರುವಾಯಿತು. ಅಂಜಲಿಯ ಸರದಿ. ಎಂದಿನಂತೆ ಒಂದು ಗಳಿಗೆ ಕಟ್ಟನ್ನು ನೋಡಿದಳು.

ಏನೂ ಬರಲಿಲ್ಲ.

ಗಾಬರಿಯಾಗಿದ್ದೇನೆ, ಅದಕ್ಕೇ ಹೀಗೆ ಎಂದುಕೊಂಡಳು. ಎತ್ತಿದಳು, ಹಾವು. ಮುಂದಿನ ಸರದಿಗೂ ನೋಡಿದಳು. ಕಪ್ಪು ಚೀಲ ಸುಮ್ಮನೆ ಮಿಂಚುತ್ತಿತ್ತು. ತಳ್ಳಿದಳು. ಮತ್ತೆ ಎತ್ತಿದಳು, ಗುಡ್ಡ. ನೀರು ಕೇಳಿ ಕುಡಿದಳು, ಕಣ್ಣು ಮುಚ್ಚಿ ತೆರೆದಳು, ತಲೆಗೆ ಕೈಮುಗಿದು ಬೇಡಿಕೊಳ್ಳುವುದೊಂದು ಬಾಕಿ. ನಾಲ್ಕು ತಿಂಗಳು ಕರೆಯದೆ ಬಂದದ್ದು ಈಗ ಕರೆದರೂ ಬರಲೊಲ್ಲದು. ಎತ್ತಲೋ ತಳ್ಳಲೋ, ಎತ್ತಲೋ ತಳ್ಳಲೋ. ಎದುರಿಗಿದ್ದವನು ಕಾಯುತ್ತಿದ್ದ, ಪಾಪ, ಅವಸರ ಮಾಡಲಿಲ್ಲ. ಅವಳ ಕೈಯಲ್ಲಿ ಹಾವು, ಗುಡ್ಡಗಳು ತುಂಬಿ ಕೂತವು. ಆಟ ಮುಗಿದಾಗ ನಾಲ್ಕು ಹಕ್ಕಿಗಳಲ್ಲಿ ಒಂದೂ ಅವಳ ಕೈಗೆ ಬಂದಿರಲಿಲ್ಲ, ನಾಲ್ಕನ್ನೂ ತಾನೇ ಅಡಿಗೆ ತಳ್ಳಿದ್ದಳು.

ಎಲ್ಲರೂ ಸಮಾಧಾನ ಹೇಳಿದರು. ತಪಾಸಣೆಯಿಂದ ಮನಸ್ಸು ಕೆಟ್ಟಿತು, ಇಲ್ಲದಿದ್ದರೆ ನೀನೇ ಎಂದರು. ಗೆದ್ದ ವಿಜಯಮಹಾಂತೇಶ ಕೂಡ ಅದನ್ನೇ ಹೇಳಿದ. ಅಂಜಲಿ ಹೂಂ ಎಂದಳು. ಅವರು ಹೇಳಿದ್ದೇ ಖರೆ ಇರಲಿ ಎಂದು ಅವಳಿಗೂ ಆಸೆ. ಬಸ್ಸಿನಲ್ಲಿ ಹಾವೇರಿಯಿಂದ ಬ್ಯಾಡಗಿಯವರೆಗೆ ಅವಳು ಆ ಆಸೆಯನ್ನೇ ಗಟ್ಟಿಯಾಗಿ ಹಿಡಿದುಕೊಂಡು ಕೂತಳು.

ಮರುದಿನ ಮುಂಜಾನೆ ಪಡಸಾಲೆಯಲ್ಲಿ ಬಿಸಿಲು ಬಿದ್ದಿತ್ತು. ಚೀಲ ಸುರಿದುಕೊಂಡು ಕೂತಿದ್ದ ಚೌಡವ್ವ ಮಗಳ ಮುಖ ನೋಡಿಯೇ ಸೋತದ್ದನ್ನು ತಿಳಿದಿದ್ದಳು. ಅಂಜಲಿ ಪಕ್ಕದಲ್ಲಿ ಕೂತು ಎಲೆಗಳ ಕಪ್ಪು ಚೀಲ ಒಂದೊಂದಾಗಿ ಬಿಚ್ಚಿ, ಬೋರಲಾಗಿ ನೆಲದ ಮೇಲೆ ಹಾಕುತ್ತಿದ್ದಳು. ಅವುಗಳ ಬೆನ್ನು ನೋಡಲು ತನಗೆ ಧೈರ್ಯವಿರಲಿಲ್ಲ, ಗೋಡೆಯ ಕಡೆ ಮುಖ ಮಾಡಿದ್ದಳು.

ಮಗಳಿಗೆ ಏನಾದರೂ ನೆರವಾಗಲೆಂದು ಚೌಡವ್ವ ಆ ಎಲೆಗಳನ್ನು ಎತ್ತಿಡತೊಡಗಿದಳು. ಅವಳ ಕೈಗೆ ಗೊತ್ತಿದ್ದದ್ದು ಒಂದೇ ರೀತಿ. ಅಂಜಲಿ ತಿರುಗುವ ಹೊತ್ತಿಗೆ ತಾಯಿಯ ಮುಂದೆ ಮೂರು ಗುಂಪುಗಳಿದ್ದವು.

ಅಂಜಲಿ ಮೊದಲನೆಯ ಗುಂಪನ್ನು ಅಂಗಾತ ಮಾಡಿದಳು. ಕೆಂಡದ ಹಕ್ಕಿ, ಕೆಂಡದ ಹಕ್ಕಿ, ಕೆಂಡದ ಹಕ್ಕಿ, ಕೆಂಡದ ಹಕ್ಕಿ. ಎರಡನೆಯದರಲ್ಲಿ ಸಾಧಾರಣ ಒಳ್ಳೆಯ ಎಲೆಗಳು. ಮೂರನೆಯದರಲ್ಲಿ ಹಾವು, ಗುಡ್ಡ, ಅವಳು ಎಂದೂ ಮುದ್ದಿಸದವು.

"ಇವು ನಾಕು ಭಾಳ ಕೆಂಪಾಗ್ಯಾವು ನೋಡು," ಎಂದಳು ಚೌಡವ್ವ. ಆಮೇಲೆ ಮಗಳ ಮುಖ ನೋಡಿ, ಏನೋ ತಪ್ಪು ಮಾಡಿದೆನೇನೋ ಎಂಬಂತೆ ಮೆಲ್ಲಗೆ ಕೇಳಿದಳು, "ಯಾಕವ್ವಾ, ನಿನಗ ಕಾಣ್ತಿದ್ದಿಲ್ಲೇನು?"

ಅಂಜಲಿ ಬಾಯಿ ತೆರೆದಳು. ಹಾವೇರಿಯಲ್ಲಿ ಅಷ್ಟು ಜನರ ಎದುರು ಇಲ್ಲರಿ ಎಂದು ಒಂದೇ ಮಾತಿನಲ್ಲಿ ಹೇಳಿದ್ದಳು. ಈಗ ತಾಯಿಯ ಮುಂದೆ ಅದೇ ಮಾತು ಎಷ್ಟು ಹೊತ್ತಾದರೂ ಬರಲಿಲ್ಲ.