ಚಿತ್ರ ಬಾರದ ಕಂಪ್ಯೂಟರು

ಆದಿಲನಿಗೆ ಸಿಟ್ಟು ಬಂದರೆ ಮೊದಲು ಬೆರಳಿಗೆ ಬರುತ್ತಿತ್ತು. ಶಿವಾಜಿನಗರದ ಶಫಿಯ ಅಂಗಡಿಯಲ್ಲಿ ಹಳೆ ಕಂಪ್ಯೂಟರು ರಿಪೇರಿ ಅವನ ಕೆಲಸ. ಹಟ ಹಿಡಿದ ಯಂತ್ರವನ್ನು ಕುತ್ತಿಗೆ ಹಿಸುಕುವವನಂತೆ ಪವರ್ ಗುಂಡಿ ಒತ್ತಿ ಹಿಡಿದು ಆರಿಸುತ್ತಿದ್ದ. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟರೊಬ್ಬರ ಮೇಲೆ ಇದೇ ಸಿಟ್ಟು ಬಂದು ಶಾಲೆಯನ್ನೇ ಆರಿಸಿ ಎದ್ದು ಬಂದಿದ್ದ.

ಈಗ ಅವನು ಕುಳಿತಿದ್ದದ್ದು ಕಗ್ಗದಾಸಪುರದಲ್ಲಿ, ಪ್ರತಿಭಾ ಅವರ ಮನೆಯ ಮೇಜಿನ ಮುಂದೆ. ಪ್ರತಿಭಾ ವಿಜಯಪುರದ ಕಡೆಯವರು, ಹುಟ್ಟಿನಿಂದ ಕಣ್ಣು ಕಾಣದವರು. ಕಂಪನಿಯೊಂದರ ಮೀಟಿಂಗುಗಳ ಮಾತನ್ನು ಕೇಳಿಸಿಕೊಂಡು ಟೈಪ್ ಮಾಡಿ ಕಳಿಸುವುದು ಅವರ ಉದ್ಯೋಗ. ಟೈಪ್ ಮಾಡಿದ್ದನ್ನೆಲ್ಲ ಕಂಪ್ಯೂಟರೇ ಓದಿ ಹೇಳುತ್ತಿತ್ತು. ಇವತ್ತಿನ ಕೆಲಸ ಸಂಜೆಯೊಳಗೆ ಬಾರದಿದ್ದರೆ ನಾಳೆಯಿಂದ ಬೇರೆಯವರಿಗೆ ಕೊಡುತ್ತೇವೆ ಎಂದು ಕಂಪನಿಯವರು ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು.

ಕೆಡಿಸಿದ್ದು ಆದಿಲನೇ. ಹೋದ ವಾರ ಬಂದವನು, ಯಾರೂ ಕೇಳದಿದ್ದರೂ, ಕಂಪ್ಯೂಟರನ್ನು ನಡೆಸುವ ಹಳೆ ಲಿನಕ್ಸ್ ತೆಗೆದು ಹೊಚ್ಚ ಹೊಸದನ್ನು ಹಾಕಿದ್ದ. ಅದರಲ್ಲಿ ಪರದೆಯ ಕಿಟಕಿಗಳು ನಿದ್ದೆಗಣ್ಣಿನ ರೆಪ್ಪೆಯ ಹಾಗೆ ಮೆಲ್ಲಗೆ ಮುಚ್ಚುತ್ತಿದ್ದವು. ಹಿಂದೆ ನೀಲಿ ಬೆಟ್ಟಗಳು. ಎಷ್ಟು ಚೆನ್ನಾಗಿದೆ ನೋಡಿ ಮೇಡಂ ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡಿದ್ದ. ಪ್ರತಿಭಾ ನಕ್ಕಿದ್ದರು. ನಿನ್ನೆ ಅದು ತನ್ನಷ್ಟಕ್ಕೆ ಏನೋ ಅಪ್‌ಡೇಟ್ ನುಂಗಿತು. ಅಷ್ಟೆಲ್ಲ ಚೆಂದವನ್ನು ಹೊರಲು, ಚಿತ್ರ ಮೂಡಿಸುವ ಹಳೆಯ ಗ್ರಾಫಿಕ್ಸ್ ಕಾರ್ಡಿಗೆ ಆಗಲಿಲ್ಲ. ಇವತ್ತು ಚಾಲೂ ಮಾಡಿದರೆ ಲೋಗೋ ಬಂದು, ಅದರ ಕೆಳಗಿನ ಉಂಗುರ ಅರ್ಧ ಸುತ್ತಿ, ಅಲ್ಲೇ ಕಲ್ಲಾಗಿ ನಿಲ್ಲುತ್ತಿತ್ತು.

ಮೊದಲು ಲೋಗೋವನ್ನು ಬದಿಗೆ ಸರಿಸಿ ಹಿಂದೆ ಓಡುವ ಸಾಲುಗಳನ್ನು ನೋಡಿದ. ಎಲ್ಲ ಸರಸರನೆ ಬಂದು ಗ್ರಾಫಿಕ್ಸ್ ಸಾಲಿನಲ್ಲಿ ಮುಗ್ಗರಿಸಿದವು. ಯಂತ್ರ ಏಳುವ ಮುಂಚೆ ಅದಕ್ಕೊಂದು ಮಾತು ಹೇಳಬಹುದು. ಅದರ ಆಜ್ಞೆಯ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಎಂದು ಬರೆದರೆ, ಕಾರ್ಡಿನ ಕಸರತ್ತು ಬೇಡ, ಸಾದಾ ಚಿತ್ರ ಸಾಕು ಎಂದರ್ಥ. ಆದಿಲ ಬರೆದ. ಈ ಸಲ ಲೋಗೋ ಕೂಡ ಬರಲಿಲ್ಲ. ಪರದೆ ಕಪ್ಪಾಯಿತು, ಬಾವಿಯ ಹಾಗೆ. ಬೈದುಕೊಂಡು ಗುಂಡಿ ಒತ್ತಿ ಹಿಡಿದ. ಮತ್ತೆ ಬರೆದ, ಮತ್ತೆ ಕಪ್ಪು, ಮತ್ತೆ ಗುಂಡಿ.

ನಡುವೆ ಶಫಿಯ ಫೋನು. “ಒಂದ್ ಡಬ್ಬಕ್ಕೆ ಇಡೀ ದಿನಾನಾ ಮಗಾ? ಛೋಡ್ ರೇ, ಗುಜರಿಗೆ ಹಾಕೋಕೆ ಹೇಳಿ ಬಾ.” ಆದಿಲ ಫೋನು ಕತ್ತರಿಸಿದ. ಕಾರ್ಡು ಮಾಡಿದವರ ಮೇಲೆ, ಹೊಸದರ ಮೇಲೆ ಹೊಸದು ಬಿಡುವವರ ಮೇಲೆ, ಹಳೆಯದನ್ನು ಇಟ್ಟುಕೊಂಡವರು ಸತ್ತರೂ ಕೇಳದ ಲೋಕದ ಮೇಲೆ ಹಲ್ಲು ಕಡಿದ. ಹೊರಗೆ ಬಿಸಿಲು ಹಳದಿಯಾಗುತ್ತಿತ್ತು. ವಿಮಾನಪುರದ ಕಡೆಯಿಂದ ಎದ್ದ ಹೆಲಿಕಾಪ್ಟರೊಂದು ಸೂರಿನ ಮೇಲೆ ನಿಂತಂತೆ ಗುಂಯ್‌ಗುಟ್ಟಿ, ಕೋಣೆಯ ಗೋಡೆಗಳು ನೀರಿನಲ್ಲಿ ಅಲುಗಿದ ಹಾಗಾಗಿ, ದೂರ ಹೋಯಿತು.

ಅದು ಹೋದ ಮೇಲಿನ ನಿಶ್ಶಬ್ದದಲ್ಲಿ, ಇನ್ನೊಮ್ಮೆ ಚಾಲೂ ಮಾಡಿ ಬರೆದು ಅದೇ ಕಪ್ಪು ಕಂಡು, ಅವನ ಬೆರಳು ಮತ್ತೆ ಗುಂಡಿಯ ಕಡೆ ಹೋಯಿತು.

“ಆರಸಬ್ಯಾಡ್ರಿ,” ಎಂದರು ಮಂಚದ ಮೇಲಿದ್ದ ಪ್ರತಿಭಾ. “ಅದು ಓಡಾಕತ್ತೈತಿ.”

“ಸ್ಕ್ರೀನ್ ಕಪ್ಪಾಗಿದೆ ಮೇಡಂ. ಏನೂ ಬಂದಿಲ್ಲ.”

“ನನಗ ಅದು ಯಾವತ್ತ ಬಂದಿತ್ತು?”

ಆದಿಲನ ಕೈ ಗಾಳಿಯಲ್ಲೇ ನಿಂತಿತು. ಪ್ರತಿಭಾ ಎದ್ದು ಬಂದು ಡಬ್ಬದ ಬೆನ್ನಿಗೆ ಅಂಗೈ ಇಟ್ಟರು. ಹ್ಯಾಂಗ್ ಆದಾಗ ಒಳಗೆ ಫ್ಯಾನು ಬಿಟ್ಟರೆ ಸಪ್ಪಳವೇ ಇರುವುದಿಲ್ಲ, ಬೆಳಿಗ್ಗೆ ಹಾಗೇ ಇತ್ತು, ಈಗ ಡಿಸ್ಕು ತಿರುಗಿ ತಿರುಗಿ ಓದುತ್ತಿದೆ ಎಂದರು. ಆದಿಲ ಕಿವಿಗೊಟ್ಟ. ಮೊದಲು ತನ್ನ ಉಸಿರು ಕೇಳಿಸಿತು. ಆಮೇಲೆ, ಅದರ ಕೆಳಗೆಲ್ಲೋ, ಯಾರೋ ಒಣಗಿದ ಎಲೆಗಳನ್ನು ಒಂದೊಂದಾಗಿ ಎಣಿಸುತ್ತಿರುವಂಥ ಚರಚರ ಸದ್ದು. ದೀಪ ಹೋದ ಊರಿನೊಳಗೆ ಎಲ್ಲರೂ ತಂತಮ್ಮ ಕೆಲಸಕ್ಕೆ ಹೋಗುತ್ತಿದ್ದ ಹಾಗಿತ್ತು. ಅವನು ಇಷ್ಟು ಹೊತ್ತೂ ಆರಿಸಿದ್ದು ಜೀವವಿದ್ದದ್ದನ್ನೇ. ಚಿತ್ರ ಮಾತ್ರ ಎಲ್ಲಿಗೋ, ಡಬ್ಬದ ಬೆನ್ನಿನಲ್ಲಿ ತಂತಿ ಸಿಕ್ಕಿಸದ ಯಾವುದೋ ಖಾಲಿ ತೂತಿಗೆ ಹೋಗುತ್ತಿತ್ತೇನೋ.

ಆದಿಲ ಎದ್ದು ಬಿಟ್ಟುಕೊಟ್ಟ ಕುರ್ಚಿಯಲ್ಲಿ ಪ್ರತಿಭಾ ಕುಳಿತು, ಓದಿ ಹೇಳುವ ದನಿಯನ್ನು ಎಬ್ಬಿಸುವ ಕೆಲವು ಕೀಲಿಗಳನ್ನು ಒಟ್ಟಿಗೆ ಒತ್ತಿದರು. ಕಪ್ಪಿನೊಳಗಿನಿಂದ ಹೆಣ್ಣುದನಿಯೊಂದು, ನಿದ್ದೆಯಿಂದ ಎದ್ದವಳ ಹಾಗೆ, ಪಾಸ್‌ವರ್ಡ್ ಕೇಳಿತು.

ಕೆಲಸ ಇನ್ನೂ ಮುಗಿದಿರಲಿಲ್ಲ. ಯಂತ್ರ ಏಳುವ ಮುಂಚೆ ಬರೆದ ಮಾತು ಈ ಒಂದು ಸಲಕ್ಕೆ ಮಾತ್ರ. ಕರೆಂಟು ಹೋದರೆ ಮತ್ತೆ ಅದೇ ಕಲ್ಲು. ಅದನ್ನು ಒಳಗಿನ ಫೈಲಿನಲ್ಲಿ ಕಾಯಮ್ಮಾಗಿ ಬರೆಯಬೇಕಿತ್ತು. ನೋಡದೆ ಬರೆದು ಆದಿಲನಿಗೆ ಗೊತ್ತಿರಲಿಲ್ಲ. ಆ ಸಾಲನ್ನು ಅವನು ಮುಖದಿಂದ ಗುರುತು ಹಿಡಿಯುತ್ತಿದ್ದನೇ ಹೊರತು ಅಕ್ಷರದಿಂದಲ್ಲ.

“ನೀವ್ ಹೇಳ್ರಿ, ನಾ ಒತ್ತತೀನಿ,” ಎಂದರು ಪ್ರತಿಭಾ.

ಅವನು ಹೇಳಹೊರಟ, ನಡುವೆ ಸಿಕ್ಕಿಕೊಂಡ. ಸಿಟ್ಟು ಬೆರಳಿಗೆ ಇಳಿಯಿತು; ಅಲ್ಲಿ ಒತ್ತಲು ಏನೂ ಇರಲಿಲ್ಲ. ಕಣ್ಣು ಮುಚ್ಚಿದ. ಆಗ ಸಾಲು ಅಲ್ಲೇ, ರೆಪ್ಪೆಯ ಒಳಬದಿಯಲ್ಲಿ, ಬೆಳ್ಳಗೆ ತೇಲುತ್ತಿತ್ತು. ಒಂದೊಂದೇ ಅಕ್ಷರ ಹೇಳಿದ. ಅವರು ಒತ್ತಿದರು. ದನಿ ಅದನ್ನು ತಿರುಗಿ ಓದಿ ಹೇಳಿತು. ಒಂದು ಕಡೆ ತಪ್ಪಿತ್ತು. ಅವನು ತಿದ್ದಿ ಹೇಳಿದ, ದನಿಯೂ ತಿದ್ದಿಕೊಂಡಿತು. ಕೊನೆಗೆ ಉಳಿಸಲಾಗಿದೆ ಎಂದಿತು.

ಆಮೇಲೆ ಪ್ರತಿಭಾ ಇಯರ್‌ಫೋನ್ ಹಾಕಿಕೊಂಡು ಕೆಲಸಕ್ಕಿಳಿದರು. ಅವರ ಬೆರಳುಗಳು ಕಪ್ಪು ನೀರಿನ ಮೇಲೆ ಹನಿ ಬಿದ್ದಂತೆ ಬೀಳುತ್ತಿದ್ದವು. ಹೋಗಬಹುದಿತ್ತು, ಆದಿಲ ಹೋಗಲಿಲ್ಲ. ಕಿಟಕಿಯಲ್ಲಿ ಬೆಳಕು ಕೆಂಪಾಗಿ, ಬೂದಿಯಾಗುವ ಹೊತ್ತಿಗೆ ಅವರು ಕೆಲಸವನ್ನು ಕಂಪನಿಗೆ ಕಳಿಸಿ, ಇಯರ್‌ಫೋನ್ ತೆಗೆದು, ಹೋತ್ರಿ ಎಂದರು.

ಅವನು ಕಪ್ಪು ಪರದೆಯನ್ನು ನೋಡಿದ. ನಾಳೆ ಬೇರೆ ತಂತಿ ತಂದು ಚಿತ್ರ ಬರಿಸುತ್ತೇನೆ ಎಂದು ಬಾಯಿಗೆ ಬಂದಿತ್ತು. ಅದನ್ನು ಹೇಳದೆ ಮಾನಿಟರಿನ ವೈರು ಕಿತ್ತು ಸುತ್ತತೊಡಗಿದ.

“ಅದೇನ್ ಮಾಡಾಕತ್ತೀರಿ?”

“ಟೇಬಲ್ ಮೇಲೆ ಜಾಗ ಮಾಡ್ತಿದೀನಿ, ಮೇಡಂ.”